ಆನೆಕೊಂಡದ ಮೊಣಕಾಲು

ಮೊಣಕಾಲಿನ ಸವೆತ ಮೊದಲು ಗೊತ್ತಾಗುವುದು ಕೂತಲ್ಲಿಂದ ಏಳುವಾಗ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡವರು ಏಳಬೇಕೆಂದಾಗ ಒಂದು ಕೈ ನೆಲಕ್ಕೂ ಇನ್ನೊಂದು ಗೋಡೆಗೂ ಹೋಗುತ್ತದೆ. ಎದ್ದ ಮೇಲೆ ಮೊದಲ ನಾಲ್ಕು ಹೆಜ್ಜೆ ಬಿಗಿ, ಆಮೇಲೆ ಸಲೀಸು. ಬರಬರುತ್ತಾ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾಗುತ್ತದೆ, ಬಸ್ಸಿನ ಫುಟ್‌ಬೋರ್ಡು ಎತ್ತರವಾದಂತೆ ಕಾಣುತ್ತದೆ, ದೇವರಿಗೆ ಹಾಕುವ ನಮಸ್ಕಾರ ನಿಂತಲ್ಲೇ ಮುಗಿಯುತ್ತದೆ. ದಾವಣಗೆರೆ ನಗರ ಬೆಳೆಯುತ್ತಾ ಒಳಗೆ ಸೇರಿಸಿಕೊಂಡ ಹಳೆಯ ಊರು ಆನೆಕೊಂಡ. ಅಲ್ಲಿನ ಈಶ್ವರ ದೇವಾಲಯ, ಬಸವೇಶ್ವರನ ಗುಡಿ, ಕಾರ್ಣಿಕ ಎಲ್ಲವೂ ಅದು ಹಳ್ಳಿಯಾಗಿದ್ದ ಕಾಲದವು. ಕೂರುವ ಏಳುವ ರೀತಿಯೂ ಆ ಕಾಲದ್ದೇ ಉಳಿದಿದೆ. ಊಟ, ಹರಟೆ, ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಭಜನೆ, ಎಲ್ಲ ನೆಲದ ಮೇಲೆ. ಮೊಣಕಾಲು ಮುನಿಸಿಕೊಂಡರೆ ಇಷ್ಟಕ್ಕೂ ಕುತ್ತು.

‘ಮೂಳಿ ಸವದೈತಿ, ಗ್ಯಾಪು ಬಿದ್ದೈತಿ, ಎಣ್ಣಿ ಆರೈತಿ’ ಎಂಬ ಮೂರು ಮಾತಿನಲ್ಲಿ ಈ ಕಡೆಯವರು ಕಾಯಿಲೆಯನ್ನು ವಿವರಿಸಿಬಿಡುತ್ತಾರೆ. ಮೂರರಲ್ಲೂ ಅರ್ಧರ್ಧ ಸತ್ಯವಿದೆ. ಮೊದಲು ಸವೆಯುವುದು ಮೂಳೆಗಿಂತ ಅದರ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿ. ತೊಡೆಮೂಳೆ ಮತ್ತು ಕಣಕಾಲಿನ ಮೂಳೆ ಒಂದರ ಮೇಲೊಂದು ಜಾರುವುದು ಈ ಪದರದ ಮೇಲೆ. ಇದು ತೆಳುವಾದಂತೆ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಜಾಗ ಕಿರಿದಾಗಿ ಕಾಣುತ್ತದೆ. ಜನ ‘ಗ್ಯಾಪು ಬಿತ್ತು’ ಎನ್ನುವುದು, ನಿಜಕ್ಕೂ ಗ್ಯಾಪು ಹೋದದ್ದಕ್ಕೆ. ಕೀಲಿನೊಳಗಿನ ದ್ರವ ಆರಿಹೋಗುವುದಿಲ್ಲ. ಅದರ ಜಿಗುಟು ತಗ್ಗುತ್ತದೆ, ಒಳಪೊರೆ ಕೆರಳಿದ ದಿನಗಳಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚೇ ಊರಿ ಮೊಣಕಾಲು ಬಾತುಕೊಳ್ಳುತ್ತದೆ. ಮೂಳೆಯ ಅಂಚುಗಳಲ್ಲಿ ಮುಳ್ಳಿನಂಥ ಬೆಳವಣಿಗೆ ಕಾಣಿಸಿಕೊಳ್ಳುತ್ತದೆ. ಇವನ್ನೆಲ್ಲ ನೋಡಿ ಎಕ್ಸ್‌ರೇಗೆ ಸೊನ್ನೆಯಿಂದ 4ರವರೆಗೆ ದರ್ಜೆ ಕೊಡುವ ಪದ್ಧತಿಯನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ರೂಪಿಸಿದರು. ಇಂದಿಗೂ ಚೀಟಿಯ ಮೇಲೆ ಬರೆಯುವ ‘ಗ್ರೇಡ್ 2’, ‘ಗ್ರೇಡ್ 3’ ಅದೇ ಲೆಕ್ಕ.

ಆ ದರ್ಜೆಗೂ ನೋವಿಗೂ ನೇರ ಸಂಬಂಧವಿಲ್ಲ ಎಂಬುದನ್ನು ರೋಗಿಗೆ ಹೇಳುವವರು ಕಡಿಮೆ. ಮೃದ್ವಸ್ಥಿಯಲ್ಲಿ ನರಗಳಿಲ್ಲ, ಅದು ತಾನಾಗಿ ನೋಯಲಾರದು. ನೋಯುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಚೀಲ ಮತ್ತು ಸ್ನಾಯು. ಗ್ರೇಡ್ 3ರ ಚೀಟಿ ಹಿಡಿದು ಸಂತೆ ಸುತ್ತಿ ಬರುವವರಿದ್ದಾರೆ, ಗ್ರೇಡ್ 1ರಲ್ಲೇ ಹಾಸಿಗೆ ಹಿಡಿದವರೂ ಇದ್ದಾರೆ. ವ್ಯತ್ಯಾಸ ಎಷ್ಟೋ ಸಲ ಇರುವುದು ತೊಡೆಯ ಬಲದಲ್ಲಿ, ದೇಹದ ತೂಕದಲ್ಲಿ, ನಿದ್ದೆಯಲ್ಲಿ, ಹೆದರಿಕೆಯಲ್ಲಿ. ಸವೆದ ಪದರವನ್ನು ಮತ್ತೆ ಬೆಳೆಸುವ ಔಷಧ ಇನ್ನೂ ಬಂದಿಲ್ಲ. ಈ ನಾಲ್ಕನ್ನು ಮಾತ್ರ ಬದಲಿಸಬಹುದು. ಫಿಜಿಯೋಥೆರಪಿಯ ಕೆಲಸ ಇರುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಕೀಲು ಸವೆತವಿತ್ತು. ಅವರಲ್ಲಿ 36.5 ಕೋಟಿ ಜನರಿಗೆ ಸವೆದದ್ದು ಮೊಣಕಾಲು. ಒಟ್ಟು ರೋಗಿಗಳಲ್ಲಿ ಶೇ. 60ರಷ್ಟು ಹೆಂಗಸರು. ಭಾರತದ ಐದು ಕಡೆ ಸಮುದಾಯದ ನಡುವೆಯೇ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರೀಕ್ಷಿಸಿದವರಲ್ಲಿ ಶೇ. 28.7 ಜನರಿಗೆ ಮೊಣಕಾಲಿನ ಸವೆತವಿದೆ ಎಂದಿತು. ದಾವಣಗೆರೆ ಸೀಮೆಯಲ್ಲಿ ಇದಕ್ಕೆ ಒದಗುವ ಕೆಲಸಗಳನ್ನು ಹುಡುಕಬೇಕಿಲ್ಲ. ಭದ್ರಾ ನಾಲೆಯ ನೀರು ಬಂದ ಗದ್ದೆಗಳಲ್ಲಿ ನಾಟಿ ಮಾಡುವಾಗ ಕೆಸರಿನಲ್ಲಿ ಹೂತ ಕಾಲನ್ನು ಪ್ರತಿ ಹೆಜ್ಜೆಗೂ ಕಿತ್ತು ತಿರುಗಿಸಬೇಕು. ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ಸಾಲಿನುದ್ದಕ್ಕೂ ಕುಕ್ಕರಗಾಲಿನಲ್ಲೇ ಸರಿಯಬೇಕು. ಎಪಿಎಂಸಿಯ ಹಮಾಲರ ಬೆನ್ನಿನ ಮೇಲಿನ ಚೀಲದ ಭಾರ ಕೊನೆಗೆ ಇಳಿಯುವುದೂ ಮೊಣಕಾಲಿಗೇ. ಇವರೆಲ್ಲರ ನೋವಿಗೆ ದುಡಿಮೆ ಕಾರಣವಾದರೆ, ಪಿಬಿ ರಸ್ತೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕೂತವರಿಗೆ ದುಡಿಯದ ತೊಡೆಯೇ ಕಾರಣ. ಎರಡೂ ದಾರಿ ಒಂದೇ ಕಡೆ ಬಂದು ಸೇರುತ್ತವೆ.

ಮೊಣಕಾಲು ನೋವೆಲ್ಲ ಸವೆತವಲ್ಲ. ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆ ದಾಟಿದರೆ, ಬೆರಳುಗಳ ಗಿಣ್ಣುಗಳೂ ಊದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅದರ ಔಷಧವೇ ಬೇರೆ. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಊರೂರಿಗೆ ನುಗ್ಗಿದಾಗ ಜ್ವರ ವಾರದಲ್ಲಿ ಬಿಟ್ಟರೂ ಕೀಲು ನೋವು ಅನೇಕರನ್ನು ತಿಂಗಳುಗಟ್ಟಲೆ ಕಾಡಿತು. ಜಗಳೂರು ಕಡೆಯಂತೆ ಫ್ಲೋರೈಡ್ ನೀರು ಕುಡಿದ ಊರುಗಳಲ್ಲಿ ಮೂಳೆಯೇ ಬಿರುಸಾಗಿ ಕೀಲು ಬಾಗದಂತಾಗುವುದುಂಟು. ಮೊಣಕಾಲು ದಿಢೀರನೆ ಊದಿ ಕೆಂಪಗೆ ಬಿಸಿಯಾಗಿ ಜ್ವರವೂ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಬಾತು ನೋಯುತ್ತಿದ್ದರೆ ವ್ಯಾಯಾಮದ ಮಾತು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ಅವಸರವಿಲ್ಲ, ಎಕ್ಸ್‌ರೇ ಕೂಡ ಎಲ್ಲರಿಗೂ ಬೇಕಿಲ್ಲ.

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳು ಸೇರಿ ಒಂದು ದಪ್ಪ ಹುರಿಯಾಗಿ, ಮಂಡಿಚಿಪ್ಪನ್ನು ದಾಟಿ ಕಣಕಾಲಿನ ಮೂಳೆಗೆ ಅಂಟಿಕೊಳ್ಳುತ್ತವೆ. ಕಾಲು ನೀಡುವುದು ಇವುಗಳ ಕೆಲಸ ಎಂದು ಪಠ್ಯಪುಸ್ತಕ ಹೇಳುತ್ತದೆ. ದಿನದ ಬದುಕಿನಲ್ಲಿ ಇವುಗಳ ದೊಡ್ಡ ಕೆಲಸ ತಡೆಯುವುದು. ಇಳಿಜಾರಿನಲ್ಲಿ ಭಾರದ ಗಾಡಿ ಮುಂದಕ್ಕೆ ನುಗ್ಗದಂತೆ ಎತ್ತುಗಳು ಕಾಲೂರಿ ಒತ್ತು ಕೊಟ್ಟು ಇಳಿಸುತ್ತವಲ್ಲ, ಮೆಟ್ಟಿಲು ಇಳಿಯುವಾಗ ತೊಡೆಯೂ ದೇಹವನ್ನು ಹಾಗೆಯೇ ಇಳಿಸುತ್ತದೆ. ಮೊಣಕಾಲಿನೊಳಗೆ ಅಳತೆಯ ಯಂತ್ರವಿರುವ ಕೃತಕ ಕೀಲು ಕೂರಿಸಿ ಬರ್ಲಿನ್‌ನಲ್ಲಿ ಅಳೆದಾಗ, ನಡೆಯುವಾಗ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು ಭಾರ ಬೀಳುವುದು ಕಂಡಿತು. ಈ ಭಾರವನ್ನು ಹದವಾಗಿ ಇಳಿಸಿಕೊಡುವ ತೊಡೆ ಸೋತರೆ ಪೆಟ್ಟು ಕೀಲಿಗೆ. ನೋಯುತ್ತದೆಂದು ಕಾಲನ್ನು ಕಡಿಮೆ ಬಳಸುತ್ತಾರೆ; ಬಳಸದ ತೊಡೆ ಸೊರಗುತ್ತದೆ; ಸೊರಗಿದ್ದರಿಂದ ಇನ್ನಷ್ಟು ನೋಯುತ್ತದೆ. ಒಂದೇ ಕಾಲಿಗೆ ನೋವಿರುವವರ ಎರಡೂ ತೊಡೆಗೆ, ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ, ಟೇಪು ಸುತ್ತಿ ಅಳೆದರೆ ಎಷ್ಟೋ ಸಲ ನೋಯುವ ಕಡೆ ಸಣ್ಣಗಿರುತ್ತದೆ. ‘ರೆಸ್ಟ್ ತಗೊಳ್ರಿ’ ಎಂಬ ಸಲಹೆಯಷ್ಟು ಪ್ರೀತಿಯಿಂದ ಕೊಡುವ, ಅಷ್ಟೇ ಕೇಡು ಮಾಡುವ ಸಲಹೆ ಇನ್ನೊಂದಿಲ್ಲ. ಮೃದ್ವಸ್ಥಿಗೆ ರಕ್ತನಾಳಗಳೂ ಇಲ್ಲ. ಒತ್ತಿ ಬಿಟ್ಟಾಗ ಸುತ್ತಲಿನ ದ್ರವ ಒಳಗೆ ಹೊರಗೆ ಹರಿದಾಡಿಯೇ ಅದಕ್ಕೆ ಪೋಷಣೆ ಸಿಗಬೇಕು. ಆಡದ ಕೀಲಿಗೆ ಅನ್ನವೂ ಇಲ್ಲ.

ಫಿಜಿಯೋಥೆರಪಿಸ್ಟ್ ಬಳಿಗೆ ಹೋದವರ ಮೊದಲ ನಿರಾಸೆ, ಅವರು ಕಲಿಸುವುದು ತೀರಾ ಸಣ್ಣ ಕೆಲಸ ಎಂಬುದು. ಕಾಲು ನೀಡಿ ಕೂರಿಸಿ ಅಥವಾ ಮಲಗಿಸಿ, ಒಂದು ಟವೆಲನ್ನು ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಟ್ಟು, ‘ಇದನ್ನು ಕೆಳಗೆ ಒತ್ರಿ’ ಎನ್ನುತ್ತಾರೆ. ಒತ್ತಿದಾಗ ತೊಡೆಯ ಸ್ನಾಯು ಬಿಗಿಯಬೇಕು, ಮಂಡಿಚಿಪ್ಪು ತುಸು ಮೇಲಕ್ಕೆ ಸರಿಯಬೇಕು. ಐದು ಎಣಿಸುವವರೆಗೆ ಹಿಡಿದು ಬಿಡಬೇಕು. ಹೊಸಬರು ತೊಡೆಯನ್ನು ಬಿಟ್ಟು ಉಸಿರನ್ನು ಹಿಡಿಯುತ್ತಾರೆ, ಇಲ್ಲವೇ ಪೃಷ್ಠ ಎತ್ತಿ ಇಡೀ ಮೈಯಿಂದ ಒತ್ತುತ್ತಾರೆ. ಆಗ ಫಿಜಿಯೋದವರು ರೋಗಿಯ ಕೈಯನ್ನೇ ಅವರ ತೊಡೆಯ ಮೇಲೆ, ಮಂಡಿಚಿಪ್ಪಿನ ಒಳಬದಿಗೆ ಇರಿಸಿ, ಯಾವುದು ಗಟ್ಟಿಯಾಗಬೇಕೆಂದು ಮುಟ್ಟಿ ನೋಡಲು ಹೇಳುತ್ತಾರೆ. ಕೈಗೆ ಸಿಕ್ಕ ಮೇಲೆ ತಪ್ಪುವುದಿಲ್ಲ. ಹತ್ತು ಸಲ ಮಾಡಿದರೆ ಒಂದು ಸುತ್ತು. ಕೀಲು ಬಾಗುವುದೇ ಇಲ್ಲವಾದ್ದರಿಂದ ನೋವು ಜಾಸ್ತಿ ಇರುವ ದಿನಗಳಲ್ಲೂ ಇದನ್ನು ಮಾಡಬಹುದು.

ಎರಡನೆಯದು ಕಾಲೆತ್ತುವುದು. ಅಂಗಾತ ಮಲಗಿ ಒಂದು ಮೊಣಕಾಲನ್ನು ಮಡಿಸಿ, ಇನ್ನೊಂದು ಕಾಲನ್ನು ನೆಟ್ಟಗೆ ಬಿಗಿದು, ಮಡಿಸಿದ ಮಂಡಿಯ ಎತ್ತರಕ್ಕೆ ನಿಧಾನ ಎತ್ತಿ, ಅಷ್ಟೇ ನಿಧಾನ ಇಳಿಸುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತಿದರೆ ಸೊಂಟದ ಪಕ್ಕದ ಸ್ನಾಯುಗಳಿಗೆ ಕೆಲಸ. ಅವು ಸೋತಿದ್ದರೆ ನಡಿಗೆ ಬಾತುಕೋಳಿಯಂತಾಗುತ್ತದೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಿಸಿ ನೀಡುವುದು, ಗೋಡೆಗೆ ಕೈಯೂರಿ ಮೀನಖಂಡ ಎಳೆಯುವುದು ಬಿಗಿತಕ್ಕೆ. ಎರಡು ಮೂರು ವಾರದಲ್ಲಿ ಇವು ಹಗುರಾಗುತ್ತವೆ. ಹಗುರಾದ ಮೇಲೂ ಅದನ್ನೇ ಮಾಡುತ್ತಾ ಕೂತರೆ ಬಲ ಹೆಚ್ಚುವುದಿಲ್ಲ. ಆಗ ಕಣಕಾಲಿಗೆ ಮರಳಿನ ಪಟ್ಟಿಯೋ ರಬ್ಬರು ಪಟ್ಟಿಯೋ ಸೇರುತ್ತದೆ. ಮನೆಯಲ್ಲೇ ಅರ್ಧ ಕೆಜಿ ಬೇಳೆಯ ಪೊಟ್ಟಣವನ್ನು ಬಟ್ಟೆಯಲ್ಲಿ ಕಟ್ಟಿಕೊಂಡರೂ ಸಾಕು.

ಎಲ್ಲಕ್ಕಿಂತ ಉಪಯೋಗದ ವ್ಯಾಯಾಮ ಕುರ್ಚಿಯಿಂದ ಏಳುವುದು. ಕೈಯಿಲ್ಲದ ಗಟ್ಟಿ ಕುರ್ಚಿ, ಗೋಡೆಗೆ ಒರಗಿಸಿಟ್ಟಿರಬೇಕು. ಪಾದಗಳನ್ನು ತುಸು ಹಿಂದಕ್ಕೆ ಎಳೆದು, ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದೆ ಬಾಗಿ, ಕೈಯೂರದೆ ಎದ್ದು, ಧೊಪ್ಪನೆ ಬೀಳದೆ ಕೂರುವುದು. ಕೂರುವಾಗ ಆಗುವ ಸದ್ದೇ ತೊಡೆಯ ಬಲದ ಅಳತೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲಾಯಿತೆಂದು ಎಣಿಸುವ ಪರೀಕ್ಷೆ ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿದೆ. ಮೊದಲ ದಿನದ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಆರು ವಾರದ ಮೇಲೆ ಹೋಲಿಸಿದರೆ, ಯಾವ ಎಕ್ಸ್‌ರೇಯೂ ಹೇಳದ ಸಂಗತಿ ಅದರಲ್ಲಿರುತ್ತದೆ.

ಎಷ್ಟು ನೋವನ್ನು ಸಹಿಸಬೇಕು ಎಂಬ ಪ್ರಶ್ನೆ ಎಲ್ಲರದೂ. ನೋವಿಲ್ಲದೆ ಮಾಡಬೇಕೆಂದರೆ ಯಾರೂ ಶುರುಮಾಡಲಾರರು, ಹಲ್ಲುಕಚ್ಚಿ ಮಾಡಿದರೆ ಮೂರನೆಯ ದಿನ ಬಿಡುತ್ತಾರೆ. ಹತ್ತರಲ್ಲಿ ನಾಲ್ಕೈದರವರೆಗಿನ ನೋವು ಸರಿ. ಆದರೆ ಹೆಚ್ಚಾದ ನೋವು ಮರುದಿನ ಅದೇ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು ಎಂಬುದು ಫಿಜಿಯೋದವರ ಲೆಕ್ಕ. ಇಳಿಯದಿದ್ದರೆ ವ್ಯಾಯಾಮವನ್ನು ನಿಲ್ಲಿಸುವ ಬದಲು ಸಂಖ್ಯೆ ಕಡಿಮೆ ಮಾಡಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ‘ಗ್ಲ್ಯಾಡ್’ ಎಂಬ ಕಾರ್ಯಕ್ರಮದಲ್ಲಿ ಎರಡು ಪಾಠ, ಆಮೇಲೆ ವಾರಕ್ಕೆರಡರಂತೆ ಆರು ವಾರ ಮೇಲ್ವಿಚಾರಣೆಯ ವ್ಯಾಯಾಮ. ಫಲ ಕಾಣಲು ಅಷ್ಟು ಕಾಲ ಬೇಕೇ ಬೇಕು. ಹತ್ತು ದಿನದ ‘ಕೋರ್ಸ್’ ಮುಗಿಸಿ ‘ಫಿಜಿಯೋನೂ ಆತು, ಏನೂ ಆಗ್ಲಿಲ್ಲ’ ಎನ್ನುವವರು ಹದ ಮಳೆಗೆ ಮುಂಚೆಯೇ ಹೊಲ ಬಿಟ್ಟು ಬಂದವರು.

ಆ ಹತ್ತು ದಿನವೂ ಹೆಚ್ಚಾಗಿ ಹೋಗುವುದು ‘ಕರೆಂಟ್ ಇಡಿಸಿಕೊಳ್ಳುವುದರಲ್ಲಿ’. ಚರ್ಮಕ್ಕೆ ಪ್ಯಾಡು ಅಂಟಿಸಿ ಜುಮುಗುಡುವ ವಿದ್ಯುತ್ ಹರಿಸುವ ಯಂತ್ರ, ಅಲ್ಟ್ರಾಸೌಂಡ್, ಮೇಣದ ಶಾಖ ಇವೆಲ್ಲ ಹಿತವಾಗಿರುತ್ತವೆ. ಮಲಗಿದ್ದರೆ ಸಾಕು, ಯಾರೋ ಮಾಡುತ್ತಾರೆ, ಕೊಟ್ಟ ದುಡ್ಡಿಗೆ ಯಂತ್ರವೊಂದು ಕಣ್ಣಿಗೂ ಕಾಣುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಇಂಥ ವಿದ್ಯುತ್ ಚಿಕಿತ್ಸೆಗಳನ್ನು ಕೊಡಬಾರದೆಂದೂ ವ್ಯಾಯಾಮವನ್ನು ಕೀಲು ಸವೆತವಿರುವ ಎಲ್ಲರಿಗೂ ಕಲಿಸಬೇಕೆಂದೂ ಹೇಳಿತು. ನಮ್ಮ ಕಡೆ ಅಷ್ಟು ಕಟುವಾಗಬೇಕಿಲ್ಲ. ಮನೆಯ ಬಿಸಿನೀರಿನ ಚೀಲದ ಹಾಗೆ, ವ್ಯಾಯಾಮಕ್ಕೆ ಮುಂಚೆ ನೋವು ತುಸು ತಗ್ಗಲು ಯಂತ್ರ ನೆರವಾದರೆ ಆಗಲಿ. ಅದನ್ನೇ ಚಿಕಿತ್ಸೆ ಎಂದುಕೊಂಡರೆ ಮಾತ್ರ ದುಡ್ಡು ಹೋಯಿತು. ಬೆಂಗಳೂರಿನಲ್ಲಿ ಡಾ. ಜಾನ್ ಎಬ್ನೇಜರ್ ಮತ್ತು ಸಂಗಡಿಗರು 250 ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಗುಂಪಿಗೆ ಯಂತ್ರದ ಚಿಕಿತ್ಸೆ ಸಮನಾಗಿತ್ತು. ಅದಾದ ಮೇಲೆ ಒಂದು ಗುಂಪಿಗೆ ಮಾಮೂಲಿ ವ್ಯಾಯಾಮ, ಇನ್ನೊಂದಕ್ಕೆ ಯೋಗ. ಮೂರು ತಿಂಗಳ ಕೊನೆಗೆ ಯೋಗದವರು ಮುಂದಿದ್ದರು. ಆ ಯೋಗದಲ್ಲಿ ಕೀಲು ಸಡಿಲಿಸುವುದು, ವಿಶ್ರಾಂತಿ, ಉಸಿರಾಟವೂ ಇದ್ದವು. ಟಿವಿ ನೋಡಿ ಪದ್ಮಾಸನಕ್ಕೆ ಕಾಲು ಮಡಿಸುವವರಿಗೆ ಈ ಫಲಿತಾಂಶ ಅನ್ವಯಿಸದು.

ಸ್ಟೆರಾಯ್ಡ್ ಚುಚ್ಚುಮದ್ದಿನ ಜೊತೆ ಹೋಲಿಕೆಯೂ ನಡೆದಿದೆ. ಅಮೆರಿಕದ ಸೇನಾ ಆಸ್ಪತ್ರೆಗಳ 156 ರೋಗಿಗಳಲ್ಲಿ ಅರ್ಧ ಜನರಿಗೆ ಚುಚ್ಚುಮದ್ದು, ಅರ್ಧ ಜನರಿಗೆ ಫಿಜಿಯೋಥೆರಪಿ ಕೊಟ್ಟು ಒಂದು ವರ್ಷದ ನಂತರ ನೋವು, ಬಿಗಿತ, ಓಡಾಟದ ತೊಂದರೆಯನ್ನು 240ಕ್ಕೆ ಅಳೆದರು; ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಚುಚ್ಚುಮದ್ದಿನವರದು ಸರಾಸರಿ 55.8, ಫಿಜಿಯೋದವರದು 37. ಇದು 2020ರಲ್ಲಿ ಪ್ರಕಟವಾಯಿತು. ದುರ್ಬೀನು ತೂರಿಸಿ ಸವೆದ ಕೀಲನ್ನು ತೊಳೆದು ಕೆರೆಯುವ ಶಸ್ತ್ರಚಿಕಿತ್ಸೆಯನ್ನು ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ಪರೀಕ್ಷಿಸಿದಾಗ, ಬರೀ ಚರ್ಮ ಕೊಯ್ದು ಹೊಲಿದವರಿಗಿಂತ ನಿಜವಾಗಿ ಮಾಡಿಸಿಕೊಂಡವರು ಮೇಲಾಗಲಿಲ್ಲ ಎಂದು 2002ರಲ್ಲೇ ತಿಳಿದಿತ್ತು. ಗ್ಲುಕೋಸಮೀನ್ ಮಾತ್ರೆಗೆ ಹೆಚ್ಚಿನ ಮಾರ್ಗಸೂಚಿಗಳ ಬೆಂಬಲವಿಲ್ಲ. ನೋವಿನ ಮುಲಾಮು ಮಾತ್ರೆಗಿಂತ ಮೊದಲು ಬರಬೇಕು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ.

ತೂಕದ ಮಾತು ದಾವಣಗೆರೆಯಲ್ಲಿ ಆಡುವುದು ಕಷ್ಟ. ಬೆಣ್ಣೆದೋಸೆಯ ಊರು, ಸಂಜೆಯಾದರೆ ಮಿರ್ಚಿ ಮಂಡಕ್ಕಿ. ಆದರೂ ಲೆಕ್ಕ ಹೀಗಿದೆ: ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಮಂಡಕ್ಕಿ ಹಗುರ, ದೂರಬೇಕಾದದ್ದು ಪಕ್ಕದ ಮಿರ್ಚಿಯನ್ನು. ನಡಿಗೆಗೆ ಕುಂದುವಾಡ ಕೆರೆಯ ಏರಿಯಂಥ ಸಮತಟ್ಟಾದ ಜಾಗ ಒಳ್ಳೆಯದು. ಒಂದೇ ಸಲ ದೂರ ಹೋಗಿ ಆಟೋದಲ್ಲಿ ವಾಪಸಾಗುವುದಕ್ಕಿಂತ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಬೇಕು, ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿಯಿರುವ ಮೆತ್ತನೆ ಪಾದರಕ್ಷೆ ಹಾಕಬೇಕು. ಕೋಲು ಹಿಡಿಯುವವರು ಬಹುಪಾಲು ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಹಿಡಿಯಬೇಕಾದ್ದು ಎದುರು ಕೈಯಲ್ಲಿ; ಕೈ ಇಳಿಬಿಟ್ಟಾಗ ಮಣಿಕಟ್ಟಿಗೆ ಬರುವಷ್ಟು ಎತ್ತರ ಸರಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಹರಿಹರದಲ್ಲಿ ಹರಿಹರೇಶ್ವರನ ದರ್ಶನ ಮುಗಿಸಿ ತುಂಗಭದ್ರೆಗೆ ಇಳಿಯುವವರಿಗೂ ರೈಲು ನಿಲ್ದಾಣದ ಮೇಲ್ಸೇತುವೆ ದಾಟುವವರಿಗೂ ಇದು ನೆನಪಿದ್ದರೆ ಕೈಕಂಬಿ ಹಿಡಿದು ನಿಲ್ಲುವುದು ತಪ್ಪುತ್ತದೆ.

ನೆಲದ ಮೇಲೆ ಕೂರಲೇಬಾರದೆಂದು ಬರೆದುಕೊಡುವುದು ವೈದ್ಯರಿಗೆ ಸುಲಭ. ಆನೆಕೊಂಡದ ಅಜ್ಜಿಗೆ ಅದು ಪಂಕ್ತಿಯಿಂದ, ಭಜನೆಯಿಂದ, ಸೋಬಾನೆಯಿಂದ ಎಬ್ಬಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂಟಿಯಾಗಿ ಕೂರಿಸಿದಂತೆ. ಒಳ್ಳೆಯ ಫಿಜಿಯೋದವರು ಮೊದಲು ದಿನಚರಿ ಕೇಳುತ್ತಾರೆ, ಆಮೇಲೆ ಬದಲಿಸುತ್ತಾರೆ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ರೊಟ್ಟಿ ಬಡಿಯುವವರಿಗೆ ಒಂದಡಿ ಎತ್ತರದ ಮಣೆ, ಸಾಧ್ಯವಾದರೆ ಕಟ್ಟೆಯ ಮೇಲೆ ಒಲೆ. ಬಟ್ಟೆ ಒಗೆಯುವ ಕಲ್ಲು ಸೊಂಟದೆತ್ತರಕ್ಕೆ. ಪಾಯಿಖಾನೆಗೆ ಕಮೋಡು, ಬಾಡಿಗೆ ಮನೆಯಾದರೆ ನಡುವೆ ತೂತಿರುವ ಕುರ್ಚಿ ಮತ್ತು ಗೋಡೆಗೊಂದು ಹಿಡಿ. ಕಳೆ ತೆಗೆಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಕಾಲು ನೀಡುವುದು. ನೆಲದ ಮೇಲೆ ಕೂರಲೇಬೇಕಾದ ದಿನ ಗೋಡೆಗೆ ಒರಗಿ ಕಾಲು ನೀಡಿ ಕೂರುವುದು. ಏಳುವಾಗ ಪಕ್ಕಕ್ಕೆ ತಿರುಗಿ, ಗಟ್ಟಿ ಕಾಲಿನ ಪಾದವೂರಿ, ಕುರ್ಚಿಯ ಮೇಲೆ ಕೈಯಿಟ್ಟು ಏಳುವುದು. ಇದನ್ನೂ ಅಭ್ಯಾಸ ಮಾಡಿಸಬೇಕು. ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗುವ ಸುಖವನ್ನು ಮಾತ್ರ ಬಿಡಲೇಬೇಕು. ಕಾಲು ಅರ್ಧ ಮಡಿಸಿದಲ್ಲೇ ಬಿಗಿದುಕೊಂಡು ಮುಂದೆ ನೆಟ್ಟಗಾಗುವುದಿಲ್ಲ.

ಕಲಿಸುವವರು ಸಿಗದ ಊರೇನೂ ಇದಲ್ಲ. ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದಲೂ ದಾವಣಗೆರೆಯಲ್ಲಿದೆ, ಬಾಪೂಜಿ ಆಸ್ಪತ್ರೆಯಿದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. 2010ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿ ಇರಬೇಕೆಂದು ಹೇಳುತ್ತದೆ. ತೊಡಕಿರುವುದು ಮನೆಯಲ್ಲಿ. ಕಲಿತು ಬಂದ ವ್ಯಾಯಾಮಕ್ಕೆ ಹೊತ್ತು ಸಿಗುವುದಿಲ್ಲ. ಬೆಳಿಗ್ಗೆ ರೊಟ್ಟಿ, ನೀರು, ಮಕ್ಕಳ ಡಬ್ಬಿ. ಸಂಜೆ ಮತ್ತೆ ಅದೇ. ‘ಮನಿ ಕೆಲಸನೇ ವ್ಯಾಯಾಮ ಅಲ್ವೇನು?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು: ಮನೆಗೆಲಸ ದಣಿಸುತ್ತದೆ, ಆದರೆ ಸೋತ ಸ್ನಾಯುವನ್ನು ಹುಡುಕಿ ದುಡಿಸುವುದಿಲ್ಲ. ಟವೆಲು ಒತ್ತುವುದನ್ನು ಹಾಸಿಗೆ ಬಿಡುವ ಮುಂಚೆ, ಕುರ್ಚಿಯಿಂದ ಏಳುವುದನ್ನು ಕುಕ್ಕರಿನ ಸೀಟಿಗೆ ಕಾಯುವಾಗ, ಕಾಲೆತ್ತುವುದನ್ನು ಧಾರಾವಾಹಿಯ ಜಾಹೀರಾತಿನಲ್ಲಿ ಎಂದು ಗಂಟುಹಾಕಿಕೊಟ್ಟರೆ ಉಳಿದುಕೊಳ್ಳುತ್ತದೆ.

ಇಷ್ಟು ಮಾಡಿಯೂ ರಾತ್ರಿ ನಿದ್ದೆಗೆಡಿಸುವ ನೋವು, ಮನೆಯೊಳಗಿನ ಓಡಾಟಕ್ಕೂ ಅಡ್ಡಿ, ಕಾಲು ಬಿಲ್ಲಿನಂತೆ ಬಾಗಿರುವುದು ಇದ್ದರೆ ಕೀಲು ಬದಲಾವಣೆಗೆ ಹೆದರಬೇಕಿಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿಗೆ ಬೆಲೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಇಡೀ ಕೀಲು ಬದಲಿಸಿದವುಗಳಲ್ಲಿ ಸುಮಾರು ಶೇ. 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರ ಲೆಕ್ಕ ಹೇಳುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ವಾರಗಳಲ್ಲಿ ತೊಡೆಯನ್ನು ಬಲಪಡಿಸಿಕೊಂಡವರು ಆಮೇಲೆ ಬೇಗ ಓಡಾಡುತ್ತಾರೆ. ಅದೇ ದಿನ ಅಥವಾ ಮರುದಿನ ವಾಕರ್ ಹಿಡಿಸಿ ನಡೆಸುತ್ತಾರೆ. ಮೊದಲ ವಾರಗಳ ಗುರಿ ಎರಡು, ಕಾಲು ಪೂರ್ತಿ ನೆಟ್ಟಗಾಗಬೇಕು ಮತ್ತು 90 ಡಿಗ್ರಿ ಬಾಗಬೇಕು. ಕುರ್ಚಿಯಲ್ಲಿ ಕೂರಲು ಅಷ್ಟು ಸಾಕು, ಮೆಟ್ಟಿಲಿಗೆ ಇನ್ನೂ ಸ್ವಲ್ಪ ಬೇಕು. ನೆಲದ ಮೇಲೆ ಕೂರುವ ವಿಚಾರವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸರ್ಜನ್ ಬಳಿ ಕೇಳಿಕೊಳ್ಳಬೇಕು. ಹೆಚ್ಚಿನವರು ಬೇಡವೆಂದೇ ಹೇಳುತ್ತಾರೆ.